ಹೊಲಸಿಗೂ ಒಂದು ಲೆಕ್ಕ ಐತಿ

ಮಧ್ಯಾಹ್ನ ಊಟ ಆಗಿ, ಭಾಂಡೆ ತಿಕ್ಕಿ ಮುಗದ ಮ್ಯಾಲೆ ನಾ ಹಿತ್ತಲ ಕಟ್ಟಿ ಮ್ಯಾಲೆ ಸಣ್ಣ ಕುಂಚ ಹಿಡಕೊಂಡು ಏನ ಮಾಡ್ತೀನಿ ಅಂತ ನಿಮ್ಮೊಳಗ ಭಾಳ ಮಂದಿ ಕೇಳೀರಿ. ಕೆಲವರು ನನ್ನ ಕೇಳಿದ್ರಿ, ಕೆಲವರು ನಮ್ಮ ಅತ್ತಿಯವರನ್ನ ಕೇಳಿದ್ರಿ. ಅತ್ತಿಯವರು ಕೊಟ್ಟ ಉತ್ತರ ಈಗ ಓಣಿ ತುಂಬ ಆಗೇತಿ: "ನಮ್ಮ ಸೊಸಿ ಹೊಸಾ ರೈಲಿಗೆ ಹೊಲಸು ಹಚ್ಚತಾಳ." ಸುಳ್ಳಲ್ಲ, ಅದ ಕೆಲಸ. ಆದ್ರ ಅದರ ಹಿಂದ ಒಂದಿಷ್ಟು ಮಾತು ಅದಾವ. ಅಕ್ಕಂದಿರ, ವೈನಿಗೋಳ, ಒಂದು ಚಾ ಮಾಡಿಕೊಂಡು ಬಂದು ಕೂಡ್ರಿ, ಹೇಳ್ತೀನಿ.

ನಮ್ಮ ಮಗಗ ಸಾಲಿಗೆ ಹೋಗುವಾಗಿಂದ ಮಾಡೆಲ್ ರೈಲಿನ ಹುಚ್ಚು. ಆಟಿಗಿ ರೈಲು ಅಲ್ಲ ಮತ್ತ. ಖರೆ ರೈಲಿನ ಅಳತಿ ಹಿಡದು, 87 ಪಾಲು ಮಾಡಿ ಅದರಾಗ ಒಂದು ಪಾಲಿನಷ್ಟ ಮಾಡಿದ್ದು. ಇದಕ್ಕ ಹೆಚ್.ಓ. ಅಳತಿ ಅಂತಾರ. ನಾವು ಪುಣೆಗೋ ಬೆಂಗಳೂರಿಗೋ ಹೋಗುವಾಗ ಕೂಡತಿದ್ದ ಹಳೇ ನಮೂನಿ ಬೋಗಿ ಐತೆಲ್ಲ, ಅದು ಸುಮಾರು 21.3 ಮೀಟರ್ ಉದ್ದ. ಈ ಅಳತಿಯಾಗ ಅದು ಇಪ್ಪತ್ನಾಲ್ಕೂವರಿ ಸೆಂಟಿಮೀಟರ್ ಆಗ್ತೈತಿ, ನಮ್ಮ ಲಟ್ಟಣಿಗಿಗಿಂತ ಒಂಚೂರು ಗಿಡ್ಡ. ಹಳಿ ನಡುವಿನ ಅಂತರ 16.5 ಮಿಲಿಮೀಟರ್. ಹಳಿಯೊಳಗ 12 ವೋಲ್ಟಿನ ಕರೆಂಟು ಹರಿತೈತಿ, ಗಾಲಿ ಅದನ್ನ ಹಿಡದು ಇಂಜಿನ್ನಿನ ಮೋಟಾರಿಗೆ ಕೊಡ್ತಾವ, ಅದು ಓಡ್ತೈತಿ.

ಮಗ ನೌಕರಿ ಹಿಡದು ಪುಣೆಗೆ ಹೋದ. ಎರಡು ಇಂಜಿನ್, ಏಳು ಬೋಗಿ ಇಲ್ಲೇ ಶೋಕೇಸಿನ್ಯಾಗ ಉಳದ್ವು. ವಾರಕ್ಕೊಮ್ಮೆ ಧೂಳಾ ಒರಸೂದು ನನ್ನ ಪಾಲಿಗೆ ಬಂತು. ಒಂದ ಸಲ ನಾ ಪುಣೆಗೆ ಹೋದಾಗ ಅವ ನನ್ನ ಕೋಥರೂಡದಾಗ ಇರೂ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂಗೆ ಕರಕೊಂಡು ಹೋದ. ಒಂದು ಊರಿಗೆ ಊರನ್ನ ಸಣ್ಣದು ಮಾಡಿ ಇಟ್ಟಾರ, ಅದರಾಗ ರೈಲು ಓಡ್ತಾವ. ಅಲ್ಲಿಂದ ಬಂದ ಮ್ಯಾಲೆ ನಮ್ಮ ಶೋಕೇಸಿನ ರೈಲು ನೋಡಿದ್ರ ನನಗ ಯಾಕೋ ಸಮಾಧಾನ ಆಗಲಿಲ್ಲ. ಎಲ್ಲಾ ಸರಿ ಐತಿ, ಕಿಡಕಿ ಐತಿ, ಸರಳು ಅದಾವ, ನಂಬರ್ ಸೈತ ಬರದಾರ. ಆದ್ರ ನೋಡಿದ ಕೂಡಲೆ ಪ್ಲಾಸ್ಟಿಕ್ ಅಂತ ಗೊತ್ತಾಗ್ತೈತಿ. ಪಳಪಳ ಅಂತೈತಿ. ನಮ್ಮ ಹುಬ್ಬಳ್ಳಿ ಸ್ಟೇಶನ್ನಿನ್ಯಾಗ, ಆ 1507 ಮೀಟರ್ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡದ್ರೂ ಹಂಗ ಪಳಪಳ ಅನ್ನೂ ಬೋಗಿ ಒಂದೂ ಸಿಗಂಗಿಲ್ಲ.

ಮಗಗ ಫೋನಿನ್ಯಾಗ ಹೇಳಿದೆ. "ಅವ್ವಾ, ಅದಕ ವೆದರಿಂಗ್ ಮಾಡಬೇಕು" ಅಂದ. ಅಂದ್ರ ಮಳಿ, ಬಿಸಿಲು, ಹೊಗಿ, ಧೂಳಾ ಎಲ್ಲಾ ಉಂಡಂಗ ಕಾಣೂ ಹಂಗ ಬಣ್ಣ ಹಚ್ಚೂದು. "ನನಗ ವ್ಯಾಳ್ಯಾ ಇಲ್ಲ, ನೀನ ಮಾಡು" ಅಂತ ಸುಮ್ಮನ ಅಂದ. ನಾ ಖರೇನ ಹಿಡಕೊಂಡೆ.

ಈ ವಿದ್ಯೆ ನಿನ್ನೆ ಮೊನ್ನೆದಲ್ಲ. ಇಂಗ್ಲೆಂಡಿನ್ಯಾಗ ಜಾನ್ ಅಹೆರ್ನ್ ಅನ್ನಾವ್ರು ಎಲ್ಲಾರೂ ಹೊಳಿಯೂ ಇಂಜಿನ್ ಮಾಡೂ ಕಾಲಕ್ಕ ಮ್ಯಾಡರ್ ವ್ಯಾಲಿ ಅಂತ ಒಂದು ಸಣ್ಣ ರೈಲು ಮಾರ್ಗ ಮಾಡಿ, ಅದರ ಮನಿ, ಗೋಡಿ, ಇಂಜಿನ್ ಎಲ್ಲಾ ಬಳಸಿದಂಗ ಕಾಣೂ ಹಂಗ ಮಾಡಿದ್ರು. ಅದು ಈಗೂ ಅಲ್ಲಿಯ ಪೆಂಡನ್ ಮ್ಯೂಸಿಯಂನ್ಯಾಗ ಐತಿ. ಅಮೇರಿಕಾದ ಜಾನ್ ಆ್ಯಲೆನ್ ಅನ್ನಾವ್ರು ಫೋಟೋಗ್ರಾಫರ್. ಕ್ಯಾಲಿಫೋರ್ನಿಯಾದ ಮೊಂಟೆರೆಯಾಗ ತಮ್ಮ ಮನಿಯ ನೆಲಮಾಳಿಗಿಯೊಳಗ ಡೊಂಕು ಗೋಡಿ, ತುಕ್ಕು ತಗಡು, ಮಸಿ ಹಿಡದ ಇಂಜಿನ್ ಎಲ್ಲಾ ಕೂಡಿಸಿ ಒಂದು ಲೋಕಾನ ಕಟ್ಟಿದ್ರು. 1973ರಾಗ ಅವರು ತೀರಿಕೊಂಡ್ರು. ಅದಾಗಿ ಕೆಲವ ದಿನಕ್ಕ ಬೆಂಕಿ ಬಿದ್ದು ಅದೆಲ್ಲಾ ಸುಟ್ಟು ಹೋತು. ಅವರ ತಗದ ಫೋಟೋ ಉಳದಾವ, ಅವನ್ನ ನೋಡೇ ಮಂದಿ ಇನ್ನೂ ಕಲೀತಾರ.

ನಮ್ಮ ಮನಿಯಾಗ ಮೊದಲ ದಿನಾನ ತಕರಾರು. "ಹೊಸಾದನ್ನ ಯಾರರೆ ಹೊಲಸು ಮಾಡ್ತಾರೇನ? ಖಂಡೆಪೂಜಿಗೆ ಇಂಜಿನ್ ತೊಳದು, ಬಾಳಿಕಂಬ ಕಟ್ಟಿ, ಚೆಂಡುಹೂವಿನ ಮಾಲಿ ಹಾಕ್ತಾರ. ನೀ ತಿರುಗಾಮುರುಗಾ ಮಾಡಾಕತ್ತಿ" ಅಂದ್ರು ಅತ್ತಿ. ಅವರ ಮಾತಿನ್ಯಾಗೂ ಅರ್ಥ ಐತಿ. ಜನ್ಮಾನೆಲ್ಲ ಹೊಲಸು ತಗಿಯೂದರಾಗ ಕಳದಾಕಿ, ಕೂತು ಹೊಲಸು ಹಚ್ಚೂದು ನೋಡಿದ್ರ ಹೊಟ್ಟಿ ಉರಿತೈತಿ. ನಾ ಎದುರು ಆಡಲಿಲ್ಲ. ಸ್ಟೇಶನ್ನಿಗೆ ಹೋಗಿ ಬೋಗಿ ನೋಡೂದು ಚಾಲೂ ಮಾಡಿದೆ.

ನೋಡಿದಂಗ ನನಗ ಒಂದು ಸಂಗತಿ ಗೊತ್ತಾತು. ಹೊಲಸು ಬೇಕಾಬಿಟ್ಟಿ ಬೀಳಂಗಿಲ್ಲ. ಅದಕ್ಕೂ ಒಂದು ಲೆಕ್ಕ ಐತಿ, ಮತ್ತ ಆ ಲೆಕ್ಕ ನಮಗ, ಹೆಂಗಸರಿಗೆ, ಯಾರೂ ಕಲಸೂದು ಬ್ಯಾಡ. ಒಲಿ ಮ್ಯಾಲಿನ ಗೋಡಿ ನೋಡ್ರಿ. ಒಗ್ಗರಣಿ ಎಣ್ಣಿ ಎಲ್ಲಿ ಸಿಡಿತೈತಿ, ಅದರ ಮ್ಯಾಲೆ ಧೂಳಾ ಎಲ್ಲಿ ಅಂಟತೈತಿ, ನಳದ ಕೆಳಗ ಬಿಳೀ ಗೆರಿ ಯಾವ ಕಡೆ ಇಳಿತೈತಿ, ಬಾಗಲದ ಚಿಲಕದ ಸುತ್ತ ಕೈ ಮುಟ್ಟಿ ಮುಟ್ಟಿ ಎಲ್ಲಿ ಕರ್ರಗ ಆಗ್ತೈತಿ, ಎಲ್ಲಿ ತಿಕ್ಕಿ ತಿಕ್ಕಿ ಮಿಂಚತೈತಿ. ಕಣ್ಣು ಮುಚ್ಚಿ ಹೇಳತೀವಿ. ಬೋಗಿನೂ ಹಂಗ.

ಮ್ಯಾಲಿಂದ ಕೆಳಗ ಬರೂಣು. ಛತ್ತು ತೊಳಿಯೂದು ಕಡಿಮಿ, ಅದಕ ಅಲ್ಲಿ ಬೂದಿ ಬಣ್ಣದ ಧೂಳಾ ಹೆಪ್ಪುಗಟ್ಟಿರ್ತೈತಿ. ಛತ್ತಿನ ಅಂಚಿನಿಂದ ಮಳಿನೀರು ಇಳದಲ್ಲೆಲ್ಲಾ ಉದ್ದ ಗೆರಿ. ಎರಡೂ ಬಾಜೂ ಗೋಡಿಗೆ ತೊಳಿಯೂ ಮಶಿನ್ನಿನ ಬ್ರಶ್ ತಾಗತೈತಿ, ಅದಕ ಅವು ಅಷ್ಟು ಹೊಲಸು ಇರಂಗಿಲ್ಲ. ಆದ್ರ ಬೋಗಿಯ ಮುಂದಿನ ಹಿಂದಿನ ತುದಿಗೆ, ಒಂದಕ್ಕೊಂದು ಜೋಡಿಸೂ ಕಡೆ, ಆ ಬ್ರಶ್ ಮುಟ್ಟಂಗಿಲ್ಲ. ಅಲ್ಲಿ ಮಸಿ ದಪ್ಪ ಕೂತಿರ್ತೈತಿ. ಕಿಡಕಿಯ ಕೆಳಗಿನ ಮೂಲಿಯೊಳಗ ನೀರು ನಿಂತು ತುಕ್ಕು ಚಾಲೂ ಆಗ್ತೈತಿ. ಬಾಗಲ ಹಂತ್ಯಾಕ, ಸಂಡಾಸದ ಕೆಳಗ ತುಕ್ಕು ಜಾಸ್ತಿ. ಕಿಡಕಿ ಕೆಳಗ ಎಲಿ ಅಡಿಕಿ ಉಗುಳಿದ ಕೆಂಪು ಗೆರಿ. ಇದು ಯಾವ ಇಂಗ್ಲೀಷ್ ಪುಸ್ತಕದಾಗೂ ಇರಲಿಕ್ಕಿಲ್ಲ, ನಮ್ಮ ಬೋಗಿಗೆ ಮಾತ್ರ ಬೇಕ ಬೇಕು. ಹತ್ತೂ ಮುಂದ ಹಿಡಕೊಳ್ಳೂ ಸರಳು, ಕಾಲು ಇಡೂ ಮೆಟ್ಟಲಾ, ಇವು ತಿಕ್ಕಿ ತಿಕ್ಕಿ ಬೆಳ್ಳಗ ಹೊಳಿತಾವ.

ತೀರಾ ಕೆಳಗ, ಗಾಲಿ ಮತ್ತ ಚೌಕಟ್ಟಿನ ಕಡೆ, ಬ್ರೇಕಿನ ಧೂಳಾ. ಹಳೇ ಬೋಗಿಯೊಳಗ ಬ್ರೇಕಿನ ಗಟ್ಟಿ ಗಾಲಿಗೇ ಬಂದು ಒತ್ತತೈತಿ. ಮೊದಲ ಅದು ಬೀಡು ಕಬ್ಬಿಣದ್ದು ಇರ್ತಿತ್ತು. ಒತ್ತಿದಾಗೊಮ್ಮೆ ಪುಡಿ ಉದುರಿ ಕೆಳಗಿನ ಸಾಮಾನಿಗೆಲ್ಲಾ ಅಂಟತೈತಿ. ಈಗಿನ ಎಲ್.ಎಚ್.ಬಿ. ಬೋಗಿಯೊಳಗ ಬ್ರೇಕು ಡಿಸ್ಕಿಗೆ ಒತ್ತತಾವ, ಅದಕ ಅವುಕ್ಕ ಹಳೇ ಬೋಗಿಗೆ ಹಚ್ಚಿದಷ್ಟು ಕಂದು ಹಚ್ಚಿದ್ರ ಸುಳ್ಳು ಆಗ್ತೈತಿ. ಪೆರಂಬೂರಿನ ಐ.ಸಿ.ಎಫ್. ಕಾರಖಾನಿ 1955ರಿಂದ ಮಾಡಕೊಂತ ಬಂದ ಆ ಹಳೇ ನಮೂನಿ ಬೋಗಿ ಮಾಡೂದನ್ನ 2018ರಾಗ ನಿಲ್ಲಿಸ್ಯಾರ. ಇದ್ದಷ್ಟು ಬೋಗಿನೂ ಒಂದೊಂದ ಕಡಿಮಿ ಆಗಾಕತ್ತಾವ. ನಮ್ಮ ಶೋಕೇಸಿನ್ಯಾಗ ಇರೂವು ಅವ.

ಇಂಜಿನ್ನಿನ ಲೆಕ್ಕ ಬ್ಯಾರೆ. ನಮ್ಮ ಹಂತ್ಯಾಕ ಇರೂದು ಡಬ್ಲ್ಯೂಡಿಎಂ-2, 2600 ಅಶ್ವಶಕ್ತಿಯ ಡೀಸೆಲ್. ಮೊದಲು 1962ರಾಗ ಅಮೇರಿಕಾದ ಆಲ್ಕೋ ಕಂಪನಿಯಿಂದ ಬಂದ್ವು, ಆಮ್ಯಾಲೆ ವಾರಾಣಸಿಯೊಳಗ ಮಾಡಿದ್ರು. ಕರೀ ಹೊಗಿ ಉಗುಳೂದಕ್ಕ ಹೆಸರಾದ ಇಂಜಿನ್. ಹೊಗಿ ಬರೂ ಕಡೆ ಛತ್ತಿನ ಮ್ಯಾಲೆ ಮಸಿ, ಅದು ಸುತ್ತೂ ಹರಡಿ ತೆಳ್ಳಗ ಆಗಕೊಂತ ಹೋಗ್ತೈತಿ. ನಡು ಕೆಳಗ ಡೀಸೆಲ್ ಟಾಕಿ. ಎಣ್ಣಿ ತುಂಬೂ ಬಾಯಿಯಿಂದ ಸೋರಿದ್ದು ಕರ್ರಗ, ಹಸಿ ಹಸಿಯಾಗಿ ಹೊಳಿತೈತಿ. ಅಲ್ಲಿ ಮಾತ್ರ ಹೊಳಪಿನ ವಾರ್ನಿಷ್ ಒಂದು ಹನಿ ಹಚ್ಚಬೇಕು, ಬಾಕಿ ಎಲ್ಲಾ ಕಡೆ ಹೊಳಪು ತಗೀಬೇಕು. ಕ್ಯಾಸಲ್‌ರಾಕಿನಿಂದ ಕುಳೆಂಗೆ ಇಳಿಯೂ ಘಾಟು 37ಕ್ಕ ಒಂದರ ಏರು. ಆ ಹಾದಿಯೊಳಗ ಕಲ್ಲಿದ್ದಲು, ಅದಿರು ಹೊತ್ತು ತಿರುಗೂ ಗಾಡಿಗೆ ಒಮ್ಮೆ ಕರೀ ಪುಡಿ, ಒಮ್ಮೆ ಕೆಂಪು ಪುಡಿ. ಯಾವ ಊರಿನ ಗಾಡಿ, ಏನ ಹೊರತೈತಿ ಅಂತ ಗೊತ್ತಿಲ್ಲದ ಬಣ್ಣ ಹಚ್ಚಾಕ ಬರಂಗಿಲ್ಲ.

ಇನ್ನ ಮಾಡೂ ರೀತಿ ಹೇಳ್ತೀನಿ. ಹುಡುಗರು ಮನಿಯಾಗ ಇದ್ದವರು ಬರಕೊಳ್ರಿ.

ಮೊದಲು ಬೋಗಿ ಬಿಚ್ಚಿ, ಗಾಲಿ ಬಾಜೂಕ ಇಟ್ಟು, ಮ್ಯಾಲಿನ ಡಬ್ಬಿಯನ್ನ ಸಬಕಾರದ ನೀರಿನಾಗ ಮೆತ್ತಗ ತೊಳೀಬೇಕು. ಕೈ ಜಿಡ್ಡು ಇದ್ರ ಬಣ್ಣ ಕೂಡಂಗಿಲ್ಲ. ಒಣಗಿದ ಮ್ಯಾಲೆ ಕಿಡಕಿ ಗಾಜಿಗೆ ಅಂಟುಪಟ್ಟಿ ಕತ್ತರಿಸಿ ಹಚ್ಚಬೇಕು. ಆಮ್ಯಾಲೆ ಮ್ಯಾಟ್ ವಾರ್ನಿಷ್ ಒಂದು ತೆಳು ಪದರು. ಅಷ್ಟಕ್ಕ ಅರ್ಧಾ ಕೆಲಸ ಆತು. ಪ್ಲಾಸ್ಟಿಕ್ಕಿನ ಹೊಳಪು ಹೋಗಿ ಕಬ್ಬಿಣದ ತೂಕ ಬಂದಂಗ ಕಾಣ್ತೈತಿ.

ಎರಡನೇದು ತೊಳಿಬಣ್ಣ. ಕಂದು ಮತ್ತ ಕರಿ ಅಕ್ರಿಲಿಕ್ ಬಣ್ಣ ಕೂಡಿಸಿ, ಸಾರಿನ ತಿಳಿಯಷ್ಟು ತೆಳ್ಳಗ ಮಾಡಿ, ಭಾಂಡೆ ತಿಕ್ಕೂ ಲಿಕ್ವಿಡ್ ಒಂದು ಹನಿ ಹಾಕಬೇಕು. ಹಂಗ ಮಾಡಿದ್ರ ನೀರು ಗುಳ್ಳಿ ಗುಳ್ಳಿ ಆಗಿ ನಿಲ್ಲಂಗಿಲ್ಲ, ಸಂದಿಯೊಳಗ ತಾನಾ ಇಳಿತೈತಿ. ಅರ್ಧ ಒಣಗೂದರಾಗ ಕಿವಿ ಸ್ವಚ್ಛ ಮಾಡೂ ಹತ್ತಿಕಡ್ಡಿ ಹಸಿ ಮಾಡಿ ಒರಸಬೇಕು. ಯಾವಾಗಲೂ ಮ್ಯಾಲಿಂದ ಕೆಳಗ, ಅಡ್ಡ ಒರಸಬಾರದು. ಮಳಿ ಅಡ್ಡ ಇಳಿಯಂಗಿಲ್ಲ. ಬಣ್ಣ ಸಂದಿಯೊಳಗ ಉಳೀತೈತಿ, ಬಯಲಿನ್ಯಾಗ ಹೋಗ್ತೈತಿ.

ಮೂರನೇದು ಪುಡಿ. ಅಂಗಡಿಯಾಗ ಸಿಗೂ ಪುಡಿ ತುಟ್ಟಿ. ನಾ ಒಲಿಯ ಇದ್ದಲಿ ಕುಟ್ಟಿ, ರಂಗೋಲಿಗೆ ಹಾಕೂ ಹುರಮಂಜು ತಗೊಂಡು, ಎರಡನ್ನೂ ತೆಳು ಅರಿವಿಯೊಳಗ ಮೂರು ಸಲ ಸೋಸಿ ಡಬ್ಬ್ಯಾಗ ಇಟ್ಟೀನಿ. ಒಣಾ ಕುಂಚದಿಂದ ತಟ್ಟಿ ತಟ್ಟಿ ಹಚ್ಚೂದು, ಮ್ಯಾಲೆ ಮತ್ತ ವಾರ್ನಿಷ್ ಹೊಡದು ಕೂಡಸೂದು. ವಾರ್ನಿಷ್ ಬಿದ್ದ ಮ್ಯಾಲೆ ಪುಡಿ ಅರ್ಧಕ್ಕರ್ಧ ಮಾಯ ಆದಂಗ ಕಾಣ್ತೈತಿ, ಅದಕ ಒಂಚೂರು ಜಾಸ್ತಿನ ಹಚ್ಚಿರಬೇಕು. ಅರಿಷಿಣ, ಕುಂಕುಮ ಹಚ್ಚಾಕ ಹೋಗಬ್ಯಾಡ್ರಿ. ಅರಿಷಿಣ ಬೆಳಕಿಗೆ ಹಾರಿ ಹೋಗ್ತೈತಿ. ಹುರಮಂಜು ಮಣ್ಣಿನ ಬಣ್ಣ, ಅದರಾಗ ಇರೂದ ಕಬ್ಬಿಣದ ತುಕ್ಕು. ತುಕ್ಕಿಗೆ ತುಕ್ಕ ಹಚ್ಚಿದಂಗ. ಪುಡಿ ಕೆಲಸ ಮಾಡೂ ಮುಂದ ಮೂಗಿಗೆ ಅರಿವಿ ಕಟ್ಟಕೋರಿ.

ನಾಕನೇದು, ಬಣ್ಣ ಎದ್ದು ತುಕ್ಕು ಹಣಿಕಿ ಹಾಕಿದಂಗ ಮಾಡೂದು. ಇದಕ್ಕ ಬೇಕಾಗೂದು ಅಡಗಿ ಮನಿ ಉಪ್ಪು. ಮೊದಲು ಆ ಜಾಗಕ್ಕ ತುಕ್ಕಿನ ಬಣ್ಣ ಹಚ್ಚಿ ಒಣಗಿಸಿ, ನೀರು ಮುಟ್ಟಿಸಿ, ಉಪ್ಪಿನ ಹರಳು ಉದುರಿಸಬೇಕು. ಒಣಗಿದ ಮ್ಯಾಲೆ ಅದರ ಮ್ಯಾಲೆ ಬೋಗಿಯ ಬಣ್ಣ ಹೊಡದು, ಅದೂ ಒಣಗಿದ ಮ್ಯಾಲೆ ಹಳೇ ಹಲ್ಲಿನ ಬ್ರಶ್ಶಿನಿಂದ ಉಪ್ಪು ಉದುರಿಸಿದ್ರ, ಹರಳು ಇದ್ದಲ್ಲೆಲ್ಲಾ ಬಣ್ಣ ಕಿತ್ತು ಕೆಳಗಿನ ತುಕ್ಕು ಕಾಣ್ತೈತಿ. ಕೈಯಿಂದ ಬರದ್ರ ಅಷ್ಟು ಖರೇದಂಗ ಬರಂಗಿಲ್ಲ, ಯಾಕಂದ್ರ ಕೈ ಒಂದು ಸಾಲು ಹಿಡೀತೈತಿ, ಉಪ್ಪು ಸಾಲು ಹಿಡಿಯಂಗಿಲ್ಲ.

ಒಂದು ಜಾಗ ಮಾತ್ರ ಮುಟ್ಟಬಾರದು. ಗಾಲಿ ಹಳಿಗೆ ತಾಗೂ ಅಂಚು. ಖರೆ ರೈಲಿನ್ಯಾಗೂ ಅದು ಉಜ್ಜಿ ಉಜ್ಜಿ ಬೆಳ್ಳಿಯಂಗ ಇರ್ತೈತಿ. ಮಾಡೆಲ್ ರೈಲಿಗಂತೂ ಕರೆಂಟು ಅಲ್ಲಿಂದಾನ ಹೋಗಬೇಕು. ಎಷ್ಟ ಹೊಲಸು ಇದ್ರೂ ಗಾಡಿ ಓಡಾಕ ಒಂದು ಅಂಚು ಸ್ವಚ್ಛ ಬೇಕ ಬೇಕು.

ಈಗ ಅತ್ತಿಯವರ ಮಾತಿಗೆ ಬರ್ತೀನಿ. ಖರೆ ಹೇಳಬೇಕಂದ್ರ ನಾ ಬರಿಯಾಕ ಕೂತದ್ದು ಅದಕ್ಕ.

ನಮ್ಮ ಮಾವನವರು ರೈಲ್ವೆಯೊಳಗ ಫಿಟ್ಟರ್ ಇದ್ರು ಅಂತ ನಿಮಗೆಲ್ಲಾ ಗೊತ್ತ ಐತಿ. ಪಿಟ್ ಲೈನಿನ್ಯಾಗ ಕೆಲಸ. ಅಂದ್ರ ಹಳಿ ಕೆಳಗ ಉದ್ದಕ ತಗ್ಗು ಇರ್ತೈತಿ, ಗಾಡಿ ಮ್ಯಾಲೆ ನಿಂತಿರ್ತೈತಿ, ಇವರು ಆ ತಗ್ಗಿನ್ಯಾಗ ನಿಂತು ತಲಿ ಮ್ಯಾಲೆತ್ತಿ ಬೋಗಿಯ ಕೆಳಗಿನ ಸಾಮಾನು ನೋಡೂದು, ಸವದ ಬ್ರೇಕಿನ ಗಟ್ಟಿ ತಗದು ಹೊಸಾವು ಹಾಕೂದು. ಮೂವತ್ತೈದು ವರ್ಷ. ನಾ ಸೊಸಿಯಾಗಿ ಬರೂದರಾಗ ಅವರಿಗೆ ನಿವೃತ್ತಿ ಹತ್ತರ ಬಂದಿತ್ತು. ಮಾತು ಭಾಳ ಕಡಿಮಿ. ಅವರು ಹೋಗಿ ಆರು ವರ್ಷ ಆತು, ಆವತ್ತಿನಿಂದ ಅತ್ತಿಯವರು ಅವರ ಸುದ್ದಿ ತಗದದ್ದ ಕಡಿಮಿ.

ಒಂದು ಮಧ್ಯಾಹ್ನ ನಾ ಹಳೇ ಬಿಳೀ ತಲಿದಿಂಬಿನ ಚೀಲದ ಮ್ಯಾಲೆ ನಾಕು ನಮೂನಿ ಕಂದು ಬಣ್ಣ ಕಲಸಿ ಸಾಲಾಗಿ ಹಚ್ಚಿದ್ದೆ. ಬ್ರೇಕಿನ ಧೂಳಿಗೆ ಯಾವುದು ಸಮ ಆಗ್ತೈತಿ ಅಂತ ನೋಡಾಕ. ಅತ್ತಿ ಬಾಜೂಕ ಕೂತು ಹೆಸರಕಾಳು ಆರಸಾಕತ್ತಿದ್ರು. ಕತ್ತು ಚಾಚಿ ನೋಡಿದ್ರು.

"ಏನದು?"

"ಬ್ರೇಕಿನ ಧೂಳಿನ ಬಣ್ಣ ರೀ ಅತ್ತಿ. ಯಾವುದು ಖರೇದಂಗ ಕಾಣ್ತೈತಿ ನೋಡ್ರಿ."

"ಒಂದೂ ಅಲ್ಲ" ಅಂದ್ರು. ಮರ ಬಾಜೂಕ ಇಟ್ರು. "ನಾ ಮೂವತ್ತೈದು ವರ್ಷ ಒಗದೀನಿ. ನನಗ ಕೇಳು."

ಕೇಳಿದೆ. ಅವರು ಹೇಳಿದ್ದನ್ನ ನಾ ಇಲ್ಲಿ ಬರೀತೀನಿ, ಯಾಕಂದ್ರ ಇದು ನನಗ ಎಲ್ಲೂ ಓದಾಕ ಸಿಕ್ಕಿಲ್ಲ.

"ಮನಿಗೆ ಬಂದಾಗ ಅದು ಕಂದು ಇರಂಗಿಲ್ಲ. ಬೂದಿ ಬಣ್ಣ, ಕರ್ರಗ, ಬಿಸಲಿಗೆ ಹಿಡದ್ರ ಮಿಣಿಮಿಣಿ ಅಂತೈತಿ. ಸಣ್ಣ ಕಬ್ಬಿಣದ ಪುಡಿ ಅಲ್ಲೇನು. ರಾತ್ರಿ ನೆನಿ ಇಟ್ಟು ಮುಂಜಾನೆ ನೋಡಿದ್ರ ನೀರೆಲ್ಲಾ ಕುದ್ದ ಚಾಪುಡಿ ಬಣ್ಣ. ಒಂದ ರಾತ್ರಿಯೊಳಗ ತುಕ್ಕು. ಅದಕ ನೀ ಒಂದ ಬಣ್ಣ ಹಚ್ಚಿದ್ರ ಆಗಂಗಿಲ್ಲ. ಕೆಳಗ ಹಳೇದು, ಚಾದ ಬಣ್ಣ. ಮ್ಯಾಲೆ ಇವತ್ತಿನ ಧೂಳಾ, ಬೂದಿ ಬಣ್ಣ. ಗಾಲಿ ಹಂತ್ಯಾಕ ಬೂದಿ ಜಾಸ್ತಿ, ದೂರ ಹೋದಂಗ ಕಂದು."

ಹಂಗ ಮಾಡಿ ನೋಡಿದೆ. ಕೆಳಗ ಕಂದು, ಒಣಗಿದ ಮ್ಯಾಲೆ ಗಾಲಿ ಸುತ್ತ ಇದ್ದಲಿ ಪುಡಿಗೆ ಒಂಚೂರು ಬೆಳ್ಳಿ ಬಣ್ಣ ಕೂಡಿಸಿ ತಟ್ಟಿದೆ. ನನ್ನ ಮೈ ಝುಂ ಅಂತು. ಪ್ಲಾಸ್ಟಿಕ್ಕಿನ ಗಾಲಿ ಚೌಕಟ್ಟು ಇದ್ದದ್ದು ಎರಡು ನಿಮಿಷದಾಗ ಕಬ್ಬಿಣ ಆತು.

ಆಮ್ಯಾಲೆ ಅತ್ತಿಯವರು ನಿಲ್ಲಲಿಲ್ಲ. ಗದಗ ರಸ್ತಾದ ಕಡೆ ಕ್ವಾರ್ಟರ್ಸಿನ್ಯಾಗ ಇದ್ದಾಗ ಮಾವನವರ ಅರಿವಿಗೆ ಒಂದು ಬ್ಯಾರೆ ಬಕೀಟು. ಅದರಾಗ ಬ್ಯಾರೆ ಯಾರ ಅರಿವಿನೂ ಹಾಕತಿರಲಿಲ್ಲ. ಗ್ರೀಸಿನ ಕಲಿಗೆ ಮೊದಲು ಚಿಮಣಿ ಎಣ್ಣಿ ಹಚ್ಚಿ ತಿಕ್ಕೂದು, ಆಮ್ಯಾಲೆ ಸಬಕಾರ. ನೀಲಿ ಅಂಗಿಯೊಳಗ ಕಲಿ ಮುಚ್ಚಿ ಹೋಗ್ತಿದ್ವು, ಬಿಳೀ ಬನಿಯನ್ನಿನ್ಯಾಗ ಎದ್ದು ಕಾಣತಿದ್ವು. ತುಕ್ಕಿನ ಕಲಿಗೆ ನಿಂಬಿಹಣ್ಣಿನ ರಸ, ಉಪ್ಪು ಹಚ್ಚಿ ಬಿಸಲಿಗೆ ಒಣಗ ಹಾಕೂದು. "ಬ್ಲೀಚಿಂಗ್ ಪುಡಿ ಹಾಕಬಾರದು, ಹಾಕಿದ್ರ ತುಕ್ಕು ಇನ್ನೂ ಗಟ್ಟಿ ಹಿಡೀತೈತಿ" ಅಂದ್ರು. ಇದನ್ನ ನೀವೂ ನೆನಪಿಟ್ಟಕೋರಿ, ಅಲಮಾರಿ ಮೊಳಿಯ ತುಕ್ಕು ಸೀರಿಗೆ ಹತ್ತಿದಾಗ ಉಪಯೋಗಕ್ಕ ಬರ್ತೈತಿ.

"ಅವರು ಇವತ್ತೇನ ಮಾಡಿದ್ರು ಅಂತ ಬಾಯಿಲೆ ಹೇಳತಿರಲಿಲ್ಲ. ಅರಿವಿ ಹೇಳತಿದ್ವು" ಅಂದ್ರು. ಭುಜದ ಮ್ಯಾಲೆ ಕಂದು ಬಿದ್ದಿದ್ರ ದಿನಾ ತಗ್ಗಿನ್ಯಾಗ ನಿಂತು ಕೆಲಸ. ಮಣಕಾಲಿನ ಮ್ಯಾಲೆ ಇದ್ರ ಬಾಜೂಲಿಂದ ಕೂತು ಕೆಲಸ. ತೋಳಿಗೆ ಗ್ರೀಸ್ ಇದ್ರ ಗಾಲಿ ಕೆಲಸ. ಮಳಿಗಾಲದಾಗ ಧೂಳಾ ರಾಡಿ ಆಗಿ ಕಾಲರಿನ ತನಕ. ಕಲ್ಲಿದ್ದಲು ಇಂಜಿನ್ ಇದ್ದ ಕಾಲಕ್ಕ ಮಸಿ ಜಾಸ್ತಿ ಇತ್ತು. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದ ಮ್ಯಾಲೆ ಮಸಿ ಕಡಿಮಿ ಆತು. ಬೋಗಿಯ ಕೆಂಪು ಬಣ್ಣ ಹೋಗಿ ನೀಲಿ ಆದಾಗ ಬಣ್ಣದ ಕಲಿನೂ ಕೆಂಪು ಹೋಗಿ ನೀಲಿ ಆತು. ರೈಲ್ವೆಯ ಮೂವತ್ತೈದು ವರ್ಷದ ಚರಿತ್ರಿ ನಮ್ಮ ಅತ್ತಿಯವರ ಬಕೀಟಿನ್ಯಾಗ ಹಾಯ್ದು ಹೋಗೇತಿ ನೋಡ್ರಿ. ಅವರ ಬೆರಳಿನ ಸಂದಿ ಇವತ್ತಿಗೂ ಒಡದಾವ. ನಾವೆಲ್ಲಾ ಅದನ್ನ ವಯಸ್ಸು ಅಂತ ಅನಕೊಂಡಿದ್ವಿ.

ಆಮ್ಯಾಲೆ ಒಂದು ಘಳಿಗಿ ಸುಮ್ಮನ ಕೂತು, ಕಾಳು ಆರಸಕೊಂತ ಹೇಳಿದ್ರು.

"ಒಮ್ಮೆ ಮೂರು ದಿನ ಅರಿವಿ ಸ್ವಚ್ಛ ಬಂದ್ವು."

ನನಗ ತಿಳೀಲಿಲ್ಲ. "ಸ್ವಚ್ಛ ಬಂದ್ರ ಛಲೋನ ಆತಲ್ಲ ರೀ ಅತ್ತಿ" ಅಂದೆ.

"ಏನ ಛಲೋ! ಮೊದಲನೇ ದಿನ ಕೆಲಸ ಕಡಿಮಿ ಇದ್ದಿರಬೇಕು ಅಂದಕೊಂಡೆ. ಎರಡನೇ ದಿನ ನನಗ ನಿದ್ದಿ ಬರಲಿಲ್ಲ. ನೌಕರಿ ಹೋತೇನು, ಜಗಳ ಆತೇನು, ಎಲ್ಲಿ ಹೋಗಿ ಕೂತು ಬರ್ತಾರ ಅಂತ. ಮೂರನೇ ದಿನ ಅಂಗಿ ಮೂಸಿ ನೋಡಿದೆ. ದವಾಖಾನಿ ವಾಸನಿ. ಕೇಳಿದ್ರ ಹೇಳೂ ಮನಶ್ಯಾ ಅಲ್ಲ. ನಾಕನೇ ದಿನ ನಾ ಬಕೀಟಿಗೆ ನೀರು ತುಂಬಲಿಲ್ಲ. ಅವರು ಬಂದು ಬಚ್ಚಲಕ್ಕ ಹೋಗಿ ಖಾಲಿ ಬಕೀಟು ನೋಡಿದ್ರು. ಭಾಳೊತ್ತು ಹೊರಗ ಬರಲಿಲ್ಲ. ಬಂದು ಕೂತು ಹೇಳಿದ್ರು. ಎದಿ ನೋವು ಬಂದಿತ್ತಂತ. ಡಾಕ್ಟರ್ ತಗ್ಗಿನ್ಯಾಗ ಇಳಿಬ್ಯಾಡ ಅಂದಿದ್ರಂತ. ಸ್ಟೋರಿನ್ಯಾಗ ಚೀಟಿ ಬರಿಯೂ ಕೆಲಸಕ್ಕ ಕೂಡಿಸಿದ್ರಂತ. ನಾ ಅಂಜತೀನಿ ಅಂತ ಹೇಳಿರಲಿಲ್ಲ."

"ಆಮ್ಯಾಲೆ?"

"ಆಮ್ಯಾಲೆ ಏನು. ಔಷಧ, ಪಥ್ಯ. ಆರು ತಿಂಗಳಿಗೆ ಮತ್ತ ತಗ್ಗಿಗೆ ಇಳಿದ್ರು. ಅವತ್ತು ಸಂಜೀಕ ಅಂಗಿ ಭುಜದ ಮ್ಯಾಲೆ ಕಂದು ಧೂಳಾ ಬಂತು ನೋಡು, ನಾ ದೇವರ ಮುಂದ ತುಪ್ಪದ ದೀಪಾ ಹಚ್ಚಿದೆ. ಅರಿವಿ ಹೊಲಸಾಗಿದ್ದಕ್ಕ ಯಾರರೆ ದೀಪಾ ಹಚ್ಚಿದ್ದು ಕೇಳೀಯೇನು?"

ಕೇಳಿರಲಿಲ್ಲ. ನಮ್ಮ ಮನಿಯವರಿಗೂ ಗೊತ್ತಿರಲಿಲ್ಲ. ಅವರು ಆವಾಗ ಸಣ್ಣವರು, ಅಪ್ಪ ಕೆಲವು ದಿನ ಮನಿಗೆ ಲಗೂ ಬರತಿದ್ರು ಅನ್ನೂದಷ್ಟ ಅವರ ನೆನಪು. ರಾತ್ರಿ ಊಟಕ್ಕ ಕೂತಾಗ ನಾ ಹೇಳಿದೆ. ಕೈಯಾಗಿನ ರೊಟ್ಟಿ ಹಂಗ ಹಿಡಕೊಂಡು ಅವ್ವನ ಮುಖ ನೋಡಿದ್ರು. ಅತ್ತಿ "ಪಲ್ಲೆ ಆರತೈತಿ, ಉಣ್ಣು" ಅಂದ್ರು.

ಅಲ್ಲಿಂದ ಮುಂದ ಈ ಕೆಲಸ ನಮ್ಮಿಬ್ಬರದೂ ಆತು. ಕುಂಚ ನನ್ನದು, ಕಣ್ಣು ಅವರದು. ಎಪ್ಪತ್ತೆಂಟು ವರ್ಷ, ಮೋತಿಬಿಂದು ಆಪರೇಶನ್ ಆಗೇತಿ, ಆದ್ರೂ ಕಿಡಕಿ ಮೂಲಿಯ ಕೂದಲೆಳಿಯಷ್ಟು ತುಕ್ಕು ಅವರಿಗೆ ಕಾಣ್ತೈತಿ. ಅವರ ಕಲಿಸಿದ ದೊಡ್ಡ ಮಾತು ಅಂದ್ರ ಎಲ್ಲಿ ನಿಲ್ಲಬೇಕು ಅನ್ನೂದು. ಈ ಕೆಲಸದಾಗ ಕೈ ನಿಲ್ಲಂಗಿಲ್ಲ, ಇನ್ನೊಂದು ಗೆರಿ, ಇನ್ನೊಂದು ಕಲಿ ಅಂತ ಹೋಗ್ತೈತಿ. ಹಂಗ ಮಾಡಿದ್ರ ದಿನಾ ಓಡೂ ಗಾಡಿ ಹೋಗಿ ಗುಜರಿಗೆ ಹಾಕಿದ ಗಾಡಿ ಆಗ್ತೈತಿ. "ಸಾಕು. ಇದು ಇನ್ನೂ ನೌಕರಿ ಮಾಡೂ ಬೋಗಿ" ಅಂತಾರ. ಆ ಮಾತು ಬಂದ ಕೂಡಲೆ ನಾ ಕುಂಚ ತೊಳೀತೀನಿ.

ಇನ್ನೊಂದು ಸಂಗತಿನೂ ಅವರದ. ನಾ ಏಳೂ ಬೋಗಿಗೆ ಒಂದ ನಮೂನಿ ಬಣ್ಣ ಹಚ್ಚಾಕ ತಯಾರ ಆಗಿದ್ದೆ. "ಎಲ್ಲಾ ಬೋಗಿ ಒಂದ ದಿನ ಹುಟ್ಟ್ಯಾವೇನು?" ಅಂದ್ರು. ಬೋಗಿಯ ನಂಬರಿನ ಮೊದಲ ಎರಡು ಅಂಕಿ ಅದು ತಯಾರಾದ ವರ್ಷ. ನಮ್ಮ ಹಂತ್ಯಾಕ 88ರಿಂದ ಚಾಲೂ ಆಗೂದು ಒಂದು, 94ರದು ಎರಡು, ಹಿಂಗ ಬ್ಯಾರೆ ಬ್ಯಾರೆ ಅದಾವ. ಮತ್ತ ಪ್ರತಿ ಬೋಗಿನೂ ಕೆಲವು ತಿಂಗಳಿಗೊಮ್ಮೆ ವರ್ಕ್‌ಶಾಪಿಗೆ ಹೋಗಿ, ಪೂರ್ತಿ ಬಿಚ್ಚಿ, ರಿಪೇರಿ ಆಗಿ, ಬಣ್ಣ ಹಚ್ಚಿಸಿಕೊಂಡು ಬರ್ತೈತಿ. ಮತ್ತ ಯಾವಾಗ ವಾಪಸ್ ಬರಬೇಕು ಅನ್ನೂ ತಾರೀಖು ಬೋಗಿಯ ತುದಿಗೆ ಬರದಿರ್ತಾರ. ಒಂದ ಗಾಡಿಯೊಳಗ ನಿನ್ನೆ ವರ್ಕ್‌ಶಾಪಿನಿಂದ ಬಂದದ್ದು, ನಾಳೆ ಹೋಗೂದು ಎರಡೂ ಜೋಡಿ ಇರ್ತಾವ. ಖರೆ ಗಾಡಿ ನಿಂತು ನೋಡ್ರಿ, ಬೋಗಿಯಿಂದ ಬೋಗಿಗೆ ಬಣ್ಣ ಬ್ಯಾರೆ.

ಅದಕ ಆರು ಬೋಗಿಗೆ ಅವುಗಳ ವಯಸ್ಸಿನ ತಕ್ಕಂಗ ಹೊಲಸು ಹಚ್ಚೀವಿ. ಏಳನೇದಕ್ಕ ಬರೇ ಹೊಳಪು ತಗದೀನಿ, ಮತ್ತೇನೂ ಹಚ್ಚಿಲ್ಲ. ಗಾಲಿ ಚೌಕಟ್ಟು ಕರ್ರಗ, ಸ್ವಚ್ಛ. ತುದಿಗೆ ತಾರೀಖು ಮಾತ್ರ ಅತ್ತಿಯವರು ಹೇಳಿದ್ದು ಬರದೀನಿ. ಸಣ್ಣ ಅಕ್ಷರ, ಭೂತಗನ್ನಡಿ ಹಿಡದ್ರ ಓದಾಕ ಬರ್ತೈತಿ. ಮಾವನವರು ಮತ್ತ ತಗ್ಗಿಗೆ ಇಳಿದ ದಿನದ್ದು.

ದೀಪಾವಳಿಗೆ ಮಗ ಬಂದಿದ್ದ. ನೆಲದ ಮ್ಯಾಲೆ ಹಳಿ ಜೋಡಿಸಿ, ಗಾಡಿ ಕೂಡಿಸಿ, ಮಕಾಡೆ ಮಲಕೊಂಡು, ಕಣ್ಣು ಹಳಿಯ ಮಟ್ಟಕ್ಕ ಇಟ್ಟು ನೋಡಿದ. ಒಂದೊಂದ ಬೋಗಿ ಕಣ್ಣ ಮುಂದ ಹಾಯ್ದು ಹೋಗೂ ಮುಂದ "ಅವ್ವಾ, ಹುಬ್ಬಳ್ಳಿ ಯಾರ್ಡಿನ ವಾಸನಿನ ಬಂತು" ಅಂದ. ಆಮ್ಯಾಲೆ ಏಳನೇ ಬೋಗಿ ಬಂತು.

"ಇದೊಂದು ಯಾಕ ಬಿಟ್ಟೀರಿ? ಇದಕ್ಕೂ ಹಚ್ಚೂದಲ್ಲ?"

ಅತ್ತಿಯವರು ಖುರ್ಚಿ ಮ್ಯಾಲೆ ಕೂತಲ್ಲಿಂದಾನ ಹೇಳಿದ್ರು: "ಅದಕ್ಕ ಆರಾಮ ಇರಲಿಲ್ಲೋ ತಮ್ಮಾ. ಈಗ ರಿಪೇರಿ ಆಗಿ ಬಂದೈತಿ. ನಾಳೆಯಿಂದ ಹೊಲಸಾಗ್ತೈತಿ."